ಮಗಳ ಹೊಸ ಹಾಸ್ಟೆಲ್: ರೂಮೂ ನೋಡಿದೆ, ಸಾಲದ ಲೆಕ್ಕವೂ ನೋಡಿದೆ

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಜುಲೈನಲ್ಲಿ ಮಗಳನ್ನು ಒಂದು ಹಳೆಯ ಕೇಂದ್ರೀಯ ವಿಶ್ವವಿದ್ಯಾಲಯದ ಹೊಸ ಹಾಸ್ಟೆಲ್‌ಗೆ ಬಿಟ್ಟು ಬಂದೆ. ರೂಮಿಗೆ ಇಬ್ಬರು. ಕಿಟಕಿ ದೊಡ್ಡದು, ಗಾಳಿ ಚೆನ್ನಾಗಿ ಆಡುತ್ತದೆ. ಒಬ್ಬೊಬ್ಬರಿಗೂ ಬೀಗ ಹಾಕುವ ಕಪಾಟು, ಮಂಚದ ಪಕ್ಕದಲ್ಲೇ ಪ್ಲಗ್. ಪಕ್ಕದ ಹಳೆಯ ಹಾಸ್ಟೆಲ್‌ನಲ್ಲಿ ಇಷ್ಟೇ ಜಾಗದಲ್ಲಿ ನಾಲ್ಕು ಹುಡುಗಿಯರು ಇದ್ದಾರೆ.

ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ 26 ವರ್ಷ ಕೆಲಸ ಮಾಡಿದವಳು. ಇದಕ್ಕೆ ದುಡ್ಡು ಎಲ್ಲಿಂದ ಬಂತು ಅಂತ ಆಫೀಸಿನಲ್ಲಿ ಕೇಳಿದೆ. ಹೆಫಾ ಸಾಲ ಅಂದರು. ಕೇಂದ್ರ ಸರ್ಕಾರವೂ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕೂ ಸೇರಿ 2017ರಲ್ಲಿ ಶುರು ಮಾಡಿದ, ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಕಟ್ಟಡ ಕಟ್ಟಲು ಸಾಲ ಕೊಡುವ ಸಂಸ್ಥೆ ಅದು. ಸಾಲ ಹತ್ತು ವರ್ಷದ್ದು. ಬಡ್ಡಿ ಸರ್ಕಾರದ ಅನುದಾನದಿಂದ ಹೋಗುತ್ತದೆ. ಅಸಲಿನ ವಿಷಯದಲ್ಲಿ ಮಾತ್ರ ಒಂದೊಂದು ಬಗೆಯ ಸಂಸ್ಥೆಗೆ ಒಂದೊಂದು ಲೆಕ್ಕ. 2018ರಲ್ಲಿ ಮಾಡಿದ ನಿಯಮದ ಪ್ರಕಾರ, 2014ಕ್ಕಿಂತ ಮೊದಲು ಶುರುವಾದ ಕೇಂದ್ರೀಯ ವಿವಿ ಅಸಲಿನ 10% ಮಾತ್ರ ಸ್ವಂತ ಆದಾಯದಿಂದ ಕಟ್ಟಬೇಕು. ಹಳೆಯ ತಾಂತ್ರಿಕ ಸಂಸ್ಥೆಯಾದರೆ ಪೂರ್ತಿ ಅಸಲು ಅದರ ತಲೆ ಮೇಲೆ.

ಒಂದು ಉದಾಹರಣೆ ತೆಗೆದುಕೊಳ್ಳಿ. 500 ಮಕ್ಕಳ ಹಾಸ್ಟೆಲ್, 50 ಕೋಟಿ ಸಾಲ. ಹತ್ತು ಪರ್ಸೆಂಟ್ ಅಂದರೆ 5 ಕೋಟಿ, ವರ್ಷಕ್ಕೆ 50 ಲಕ್ಷ. ಒಬ್ಬೊಬ್ಬರಿಗೆ ಹಂಚಿದರೆ 10,000 ರೂಪಾಯಿ. ಪೂರ್ತಿ ಅಸಲಾದರೆ ಇದೇ 1 ಲಕ್ಷ! ಎಲ್ಲವೂ ಮಕ್ಕಳ ಫೀಸಿನಿಂದಲೇ ಬರಬೇಕು ಅಂತೇನಿಲ್ಲ. ಆದರೆ ಬೇರೆ ಆದಾಯ ಕಡಿಮೆ ಇದ್ದರೆ ಕೈ ಹೋಗೋದು ಹಾಸ್ಟೆಲ್ ಬಾಡಿಗೆಗೇ ಅಲ್ವಾ? ಸೀಟು ಸಿಕ್ಕ ಖುಷಿಯಲ್ಲಿ ಇದನ್ನು ಕೇಳೋದು ಮರೀಬೇಡಿ. ಸಂಬಳದ ಮೇಲೆ ಬದುಕುವ ಮನೆಗೆ ವರ್ಷಕ್ಕೆ 90,000 ವ್ಯತ್ಯಾಸ ಸಣ್ಣದಲ್ಲ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ರಿಪೇರಿ ವಿಷಯಕ್ಕೆ. ಮೂರನೇ ಮಹಡಿಯ ಗೀಸರ್ ಕೆಟ್ಟು ಮೂರು ವಾರವಾಯಿತು. ಮಕ್ಕಳು ಬೆಳಿಗ್ಗೆ ಐದಕ್ಕೇ ಎದ್ದು ಕೆಳಗಿನ ಮಹಡಿಯಿಂದ ಬಕೆಟ್‌ನಲ್ಲಿ ಬಿಸಿನೀರು ಹೊತ್ತು ತರುತ್ತಿದ್ದಾರೆ. ಮೆಟ್ಟಿಲ ಮೇಲೆಲ್ಲ ನೀರು, ಒಬ್ಬಳು ಜಾರಿಯೂ ಬಿದ್ದಳು. ವಾರ್ಡನ್ ಮೇಡಂ ಒಳ್ಳೆಯವರು, ಎರಡು ಸಲ ಪತ್ರ ಬರೆದಿದ್ದಾರೆ. ಆದರೆ ಕಟ್ಟಲು ಸಾಲ ತರುವಾಗಲೇ ರಿಪೇರಿಗೆ ಅಂತ ವರ್ಷ ವರ್ಷ ಇಷ್ಟು ದುಡ್ಡು ಎತ್ತಿಡಬೇಕಿತ್ತು. ಅದನ್ನು ಇಲ್ಲಿ ಮಾಡಿಲ್ಲ.

ಸೇರುವವರು ಮುಚ್ಚಳ ಇರುವ ಬಕೆಟ್ ತನ್ನಿ. ಹಾಸಿಗೆ ಅಲ್ಲೇ ಕೊಡುತ್ತಾರೆ.