ಸಣ್ಣ ಪಿನ್ನಿಗೆ ಲೀಬ್ ಬೇಡ, ಯುಸಿಐ ಇರಲಿ

ಲೀಬ್, ಯುಸಿಐ (ಅಲ್ಟ್ರಾಸಾನಿಕ್ ಕಾಂಟ್ಯಾಕ್ಟ್ ಇಂಪಿಡೆನ್ಸ್) ಎರಡೂ ಕೈಯಲ್ಲಿ ಹಿಡಿದು ಲೋಹ ಪರೀಕ್ಷಿಸುವ ಮೀಟರ್‌ಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಯುಸಿಐಗೆ. ಅಗ್ಗಕ್ಕೆ ಸಿಕ್ಕಿತು ಅಂತ ಮೊದಲು ಲೀಬ್ ಮೀಟರ್ ಕೊಂಡೆ. ಉಳಿಸಿದ ದುಡ್ಡು ಒಂದೇ ಬ್ಯಾಚಿನಲ್ಲಿ ಹೋಯಿತು.

ಎರಡೂ ಅಳೆಯುವುದು ಗಡಸುತನವನ್ನು. ಸಾಮಾನ್ಯ ಸ್ಟೀಲ್ ಆದರೆ ಬ್ರಿನೆಲ್ ಸಂಖ್ಯೆಯನ್ನು (ಗಡಸುತನದ ಒಂದು ಅಳತೆ) 3.45ರಿಂದ ಗುಣಿಸಿ, ಪೀಸ್ ಎಳೆದು ಮುರಿಯದೆಯೇ ಟೆನ್ಸೈಲ್ ಬಲ, ಅಂದರೆ ಎಷ್ಟು ಎಳೆತ ತಡೆಯುತ್ತದೆ ಅನ್ನೋದು, ಮೆಗಾಪಾಸ್ಕಲ್‌ನಲ್ಲಿ ಹೆಚ್ಚುಕಡಿಮೆ ಗೊತ್ತಾಗುತ್ತದೆ.

ಹೀಟ್ ಟ್ರೀಟ್‌ಮೆಂಟ್ ಆಗಿ ಬಂದ ಪಿನ್ನುಗಳು, ಒಂದೊಂದೂ 400 ಗ್ರಾಂ. ಬೇಕಿದ್ದದ್ದು 900 ಮೆಗಾಪಾಸ್ಕಲ್. ವಿ-ಬ್ಲಾಕಿನಲ್ಲಿಟ್ಟು (ದುಂಡನೆ ಪೀಸ್ ಕೂರಿಸುವ ವಿ ಆಕಾರದ ಕಟ್ಟೆ) ಲೀಬ್ ಹೊಡೆದೆ, ಬ್ರಿನೆಲ್‌ನಲ್ಲಿ ಬಂದದ್ದು: 228, 205, 240. ಸರಾಸರಿ ತೆಗೆದು ಲೆಕ್ಕ ಹಾಕಿದರೆ 775 ಕೂಡ ದಾಟಲಿಲ್ಲ. ಸಿಟ್ಟಲ್ಲಿ ಇಡೀ ಬ್ಯಾಚ್ ವಾಪಸ್ ಕಳಿಸಿದೆ. ಹೀಟ್ ಟ್ರೀಟ್‌ಮೆಂಟ್‌ನವರು ಒಂದು ಪಿನ್ನನ್ನು ರಾಕ್‌ವೆಲ್ ಮೆಷಿನ್ನಿಗೆ ಹಾಕಿ 30 ಎಚ್‌ಆರ್‌ಸಿ (ರಾಕ್‌ವೆಲ್ ಸಿ, ಗಡಸುತನದ ಇನ್ನೊಂದು ಅಳತೆ) ತೋರಿಸಿದರು. ಬ್ರಿನೆಲ್‌ನಲ್ಲಿ ಅದು ಸುಮಾರು 286. ಮಾಲು ಸರಿಯಾಗೇ ಇತ್ತು, ಕ್ಷಮೆ ಕೇಳಿದೆ.

ಲೀಬ್‌ನ ಡಿ ಪ್ರೋಬ್‌ನಲ್ಲಿ 3 ಮಿ.ಮೀ. ಕಾರ್ಬೈಡ್ ಗುಂಡು ಬಂದು ಬಡಿಯುತ್ತದೆ. ಎಷ್ಟು ವೇಗದಲ್ಲಿ ಪುಟಿಯಿತು ಅನ್ನೋದೇ ರೀಡಿಂಗ್. ಪೀಸೇ ಅಲುಗಿದರೆ ಪುಟಿತ ಕಡಿಮೆ, ಸಂಖ್ಯೆಯೂ ಕಡಿಮೆ. 5 ಕಿಲೋ ಮೇಲಿದ್ದರೆ ಚಿಂತೆಯಿಲ್ಲ. 2 ಕಿಲೋಗಿಂತ ಹಗುರ ಇದ್ದರೆ ಪೇಸ್ಟ್ ಹಚ್ಚಿ ಭಾರವಾದ ಪ್ಲೇಟಿಗೆ ಅಂಟಿಸಬೇಕು. ಇದೆಲ್ಲ ಮ್ಯಾನ್ಯುಯಲ್‌ನಲ್ಲಿತ್ತು, ನಾನು ಓದಿರಲಿಲ್ಲ ಅಷ್ಟೇ.

ದುಂಡನೆ ಪಿನ್ನು ವಿ-ಬ್ಲಾಕಿಗೆ ತಾಗುವುದು ಎರಡು ಗೆರೆಯಲ್ಲಿ ಮಾತ್ರ. ಪೇಸ್ಟ್ ಹಚ್ಚಿದರೂ ಸುಮ್ನೆ ಕೈ ಕೊಳೆ. ಕೊನೆಗೆ ಒಂದು ಪಿನ್ನಿನ ತುದಿ ಸಪಾಟು ಉಜ್ಜಿ, ಗ್ರೀಸ್ ಹಚ್ಚಿ, ತಿರುಚಿ ಒತ್ತಿ ನಿಲ್ಲಿಸಿದಾಗ 270 ಬಂತು. ಪ್ರತಿ ಪಿನ್ನಿಗೂ ಈ ಸರ್ಕಸ್ ಯಾರು ಮಾಡ್ತಾರೆ?

ಯುಸಿಐಯಲ್ಲಿ ಬಡಿಯೋದೇ ಇಲ್ಲ. ಕಂಪಿಸುವ ಕಡ್ಡಿಯ ತುದಿಯ ವಜ್ರವನ್ನು ಒತ್ತಬೇಕು, ಕಂಪನ ಎಷ್ಟು ಬದಲಾಯಿತು ಅಂತ ನೋಡಿ ಅದು ಲೆಕ್ಕ ಹಾಕುತ್ತದೆ. ಅದೇ ವಿ-ಬ್ಲಾಕ್, ಅದೇ ಪಿನ್ನು: 283, 288, 285. ಗುರುತು ಕಣ್ಣಿಗೂ ಬೀಳಲ್ಲ.

ಇದಕ್ಕೂ ನಖರಾ ಇದೆ. ಎಮರಿ ಪೇಪರಿನಲ್ಲಿ ನುಣ್ಣಗೆ ಉಜ್ಜಬೇಕು, ಕೈ ವಾಲಬಾರದು. ಸ್ಟೀಲ್ ಬಿಟ್ಟು ಅಲ್ಯೂಮಿನಿಯಂ ಹಿಡಿದರೆ ಕ್ಯಾಲಿಬ್ರೇಶನ್ ಮತ್ತೆ ಮಾಡಬೇಕು. ಗ್ರೇ ಕಾಸ್ಟ್ ಐರನ್‌ಗೆ ಆಗಿಬರಲ್ಲ.

ಗಡಸುತನದ ಅರಗಳ ಸೆಟ್ಟೂ ಇದೆ. ಗೀಚುತ್ತದೆ, ಅಂದಾಜು ಬಿಟ್ಟು ನಿಖರ ಅಂಕಿ ಕೊಡಲ್ಲ.

ಕೇಸ್ ಹಾರ್ಡನ್ ಮಾಡಿದ (ಮೇಲ್ಪದರ ಮಾತ್ರ ಗಟ್ಟಿ ಮಾಡಿದ) ಗೇರಿನ ಒಳಗಿನ ಬಲವನ್ನು ಇವ್ಯಾವೂ ಹೇಳಲ್ಲ, ಅಲ್ಲಿ ಮೋಸ ಹೋಗಬೇಡಿ.

ನನಗೆ ಬರೋದು ಜಾಸ್ತಿ ಒಂದು ಕಿಲೋ ಒಳಗಿನ ಮಾಲು. ಹಾಗಾಗಿ ಹೊಸದು ಕೈಗೆಟುಕದೆ ಸೆಕೆಂಡ್ ಹ್ಯಾಂಡ್ ಯುಸಿಐ ತಗೊಂಡೆ. ನೀವು ದೊಡ್ಡ ಡೈ, ದಪ್ಪ ಕಾಸ್ಟಿಂಗ್ ನೋಡೋರಾದರೆ ಲೀಬ್ ಸಾಕು. ನನ್ನದು ಬೀರುವಿನಲ್ಲಿದೆ, ಮೊನ್ನೆ ಒಂದು ಮೆಷಿನ್ ಬೆಡ್ಡಿಗೆ ಹೊರಗೆ ತೆಗೆದಿದ್ದೆ.