ಮೈಸೂರಿನಿಂದ ಬತ್ತೇರಿಗೆ ಒಂದೇ ದಾರಿ, ಮೂರು ಮ್ಯಾಪ್

ಹೋದ ತಿಂಗಳು ಎರಡು ಸಲ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗಬೇಕಾಯಿತು. ಕಾರಿನಲ್ಲಿ ನಾನು, ಅಮ್ಮ, ಭಾವ. ಭಾವನ ಫೋನಿನಲ್ಲಿ ಟ್ರಾಫಿಕ್ ತೋರಿಸುವ ಆನ್‌ಲೈನ್ ಮ್ಯಾಪ್. ನನ್ನದರಲ್ಲಿ, ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿ ಬಳಸುವ ಆಫ್‌ಲೈನ್ ಆ್ಯಪ್. ಅಮ್ಮನ ಫೋನಿನಲ್ಲಿ ಸುತ್ತಮುತ್ತ ಏನೇನಿದೆ ಅಂತ ಹೇಳುವ ಇನ್ನೊಂದು. ಮೂರನ್ನೂ ಹಾಕಿಕೊಂಡೇ ಹೊರಟೆವು.

ಮೊದಲ ಸಲ ಸಂಜೆ ಏಳೂವರೆಗೆ ಮೈಸೂರು ಬಿಟ್ಟೆವು. ಆನ್‌ಲೈನ್ ಮ್ಯಾಪ್ ನಂಜನಗೂಡಿನ ಹತ್ತಿರ ವಾಹನ ಜಾಸ್ತಿ ಇದೆ, ಮೂರು ನಿಮಿಷ ತಡವಾಗುತ್ತದೆ ಅಂತ ಸರಿಯಾಗಿಯೇ ಹೇಳಿತು. ಅಲ್ಲೇ ಟೀ ಕುಡಿದು ಹೊರಟೆವು. ರಾತ್ರಿ ಹತ್ತೂವರೆಗೆ ಬತ್ತೇರಿ ಅಂತ ತೋರಿಸುತ್ತಲೇ ಇತ್ತು. ಗುಂಡ್ಲುಪೇಟೆ ದಾಟಿ ಮದ್ದೂರು ಚೆಕ್‌ಪೋಸ್ಟ್ ತಲುಪುವಷ್ಟರಲ್ಲಿ ಒಂಬತ್ತು ದಾಟಿತ್ತು, ಗೇಟ್ ಹಾಕಿತ್ತು.

ಬಂಡೀಪುರದ ಕಾಡಿನೊಳಗೆ ಹೋಗುವ ಆ ಹೆದ್ದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಪ್ರಾಣಿಗಳು ಗಾಡಿಗಳಿಗೆ ಸಿಕ್ಕಿ ಸಾಯುವುದನ್ನು ತಡೆಯಲು 2009ರಿಂದ ಇರುವ ನಿಯಮ. ಆಂಬುಲೆನ್ಸ್‌ನಂಥ ತುರ್ತು ವಾಹನಗಳಿಗೆ ಮತ್ತು ಕೆಲವೇ ಸರ್ಕಾರಿ ಬಸ್ಸುಗಳಿಗೆ ಮಾತ್ರ ವಿನಾಯಿತಿ. ಟೀ ಅಂಗಡಿಯವರನ್ನು ಕೇಳಿದ್ದರೆ ಒಂದೇ ಮಾತಲ್ಲಿ ಹೇಳುತ್ತಿದ್ದರು. ಮೂರು ನಿಮಿಷದ ತಡ ಹೇಳಿದ ಮ್ಯಾಪ್ ಒಂಬತ್ತು ಗಂಟೆಯ ತಡ ಹೇಳಲಿಲ್ಲ. ನನ್ನ ಆಫ್‌ಲೈನ್ ಆ್ಯಪ್ ಕೂಡ ಸುಮ್ನೆ ಇತ್ತು. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಒಂದು ರಸ್ತೆ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಮುಚ್ಚಿರುತ್ತದೆ ಅಂತ ಬರೆಯಲು ಜಾಗವಿದೆ, ಆದರೆ ಅದನ್ನು ಓದಿ, ನಾವು ಅಲ್ಲಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತೇವೆ ಅಂತ ಲೆಕ್ಕ ಹಾಕಿ, ಹೊರಡುವ ಮೊದಲೇ ಹೇಳಬೇಕಾದ್ದು ಆ್ಯಪ್ ಮಾಡಿದವರ ಕೆಲಸ. ವಾಪಸ್ ಗುಂಡ್ಲುಪೇಟೆಗೆ ಬಂದು ಲಾಡ್ಜ್ ಹುಡುಕಿದೆವು. ಅಮ್ಮ ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ.

ಎರಡನೇ ಸಲ ಬೆಳಗ್ಗೆಯೇ ಹೊರಟೆವು. ಅಮ್ಮನಿಗೆ ಸಕ್ಕರೆ ಕಾಯಿಲೆ, ಮಂಡಿ ನೋವು ಬೇರೆ. ಬೇಗೂರು ದಾಟಿದ ಮೇಲೆ ಟಾಯ್ಲೆಟ್ ಬೇಕು ಅಂದರು. ಅವರ ಫೋನಿನಲ್ಲೇ ಹುಡುಕಿದೆ. ಮೊದಲು ಬಂದದ್ದು ಕಮೋಡ್, ನಲ್ಲಿ ಮಾರುವ ಅಂಗಡಿ. ಎರಡನೆಯದು ನಾವು ಆಗಲೇ ದಾಟಿ ಬಂದಿದ್ದ ಹೋಟೆಲ್. ನೇರ ಗೆರೆ ಎಳೆದು ಅಳೆದರೆ ಅದು ಹತ್ತಿರವೇ, ಆದರೆ ಮುಂದೆ ಹೋಗುತ್ತಿರುವವರಿಗೆ ಹಿಂದಿನ ಎರಡು ಕಿಲೋಮೀಟರ್ ಅಂದರೆ ನಾಲ್ಕು ಕಿಲೋಮೀಟರ್, ಅಲ್ವಾ? ಆಫ್‌ಲೈನ್ ಆ್ಯಪಿನಲ್ಲಿ ದಾರಿಯ ಮೇಲೆಯೇ, ಮುಂದೆ ಎಡಗಡೆಗೆ, ಟಾಯ್ಲೆಟ್ ಇರುವ ಒಂದು ಪೆಟ್ರೋಲ್ ಬಂಕ್ ಕಾಣಿಸಿತು. ಹೋದೆವು. ಬಾಗಿಲು ತೆರೆದಿತ್ತು, ಬಕೆಟ್ಟಿನಲ್ಲಿ ನೀರಿತ್ತು, ಮೆಟ್ಟಿಲು ಇರಲಿಲ್ಲ.

"ಇದು ಕಣೋ ಬೇಕಾಗಿದ್ದು" ಅಂದರು ಅಮ್ಮ.

ಕಾಡಿನೊಳಗೆ ಟವರ್ ಹೋಯಿತು. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ಉಪಗ್ರಹದ ಸಿಗ್ನಲ್ ಸಿಕ್ಕರೆ ಸಾಕು. ಹಾಗಾಗಿ ಭಾವನ ಫೋನಿನಲ್ಲಿ ನಾವು ಎಲ್ಲಿದ್ದೇವೆ ಅಂತ ಚುಕ್ಕಿ ಓಡುತ್ತಿತ್ತು, ಸುತ್ತ ಬರೀ ಬೂದು ಬಣ್ಣ. ಆ ಜಾಗದ ಮ್ಯಾಪನ್ನು ಮೊದಲೇ ಇಳಿಸಿಕೊಂಡಿರಲಿಲ್ಲ, ಅದು ನಮ್ಮ ತಪ್ಪು. ನನ್ನದರಲ್ಲಿ ರಸ್ತೆ, ಹಳ್ಳ, ಮುಂದಿನ ಹಂಪುಗಳು ಎಲ್ಲ ಇದ್ದವು. ಹಂಪ್ ಬರುತ್ತೆ ಅಂದ ತಕ್ಷಣ ಭಾವ ನಿಧಾನ ಮಾಡುತ್ತಿದ್ದರು, ಹಿಂದೆ ಕೂತ ಅಮ್ಮನ ಮಂಡಿಗೆ ಅದೇ ದೊಡ್ಡ ಉಪಕಾರ.

ನನ್ನ ಮಟ್ಟಿಗೆ ತೀರ್ಮಾನ ಆಗಿದೆ. ಊರೊಳಗೆ, ಅದರಲ್ಲೂ ದಸರಾ ಸಮಯದಲ್ಲಿ ಮೈಸೂರಿನಿಂದ ಹೊರಬೀಳಲು, ಆನ್‌ಲೈನ್ ಮ್ಯಾಪೇ ಸರಿ. ಕಾಡು, ಘಾಟಿ, ವಯಸ್ಸಾದವರು ಜೊತೆಗಿದ್ದರೆ ಆಫ್‌ಲೈನ್. ಗೇಟ್ ಸಮಯಕ್ಕೆ ಇವೆರಡನ್ನೂ ನಂಬಲ್ಲ, ಸ್ಥಳೀಯರನ್ನು ಕೇಳುತ್ತೇನೆ. ಮೂರನೆಯದು ದಾರಿಯುದ್ದಕ್ಕೂ ಒಡವೆ ಅಂಗಡಿಯ ರಿಯಾಯಿತಿ ಹೇಳುತ್ತಿತ್ತು. ಅದಕ್ಕೆ ಕೊಟ್ಟಿದ್ದ ಲೊಕೇಶನ್ ಅನುಮತಿಯನ್ನು ತೆಗೆದೆ.

ಬತ್ತೇರಿ ತಲುಪಿ, ಊಟ ಆದ ಮೇಲೆ ಕೂತು, ಆ ಬಂಕಿನ ಟಾಯ್ಲೆಟ್ಟಿಗೆ ಮೆಟ್ಟಿಲಿಲ್ಲ ಅಂತ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಸೇರಿಸಿದೆ.