ಅಣ್ಣನ ವಿಪಲ್ ಆಪರೇಷನ್: ಮಂಗಳೂರಿನ ಒಂದು ಸರ್ಜಿಕಲ್ ಗ್ಯಾಸ್ಟ್ರೋ ವಿಭಾಗದ ಬಗ್ಗೆ

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ನಮಗೆ ದೊಡ್ಡ ಕಾಯಿಲೆ ಬಂತೆಂದರೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದೇ ರೂಢಿ. ಆದರೆ ಲಿವರ್, ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ), ಪಿತ್ತನಾಳದ ತೊಂದರೆಗೆ ಅಲ್ಲಿ ಯಾರ ಹತ್ತಿರ ಹೋಗಬೇಕೆಂದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ನನ್ನ ಅಣ್ಣನಿಗೆ ಅಲ್ಲಿನ ಒಂದು ಮೆಡಿಕಲ್ ಕಾಲೇಜು ಆಸ್ಪತ್ರೆಯ ಸರ್ಜಿಕಲ್ ಗ್ಯಾಸ್ಟ್ರೋ ವಿಭಾಗದಲ್ಲಿ ಪ್ಯಾಂಕ್ರಿಯಾಸ್‌ನ ತಲೆಭಾಗ ತೆಗೆಯುವ ವಿಪಲ್ ಆಪರೇಷನ್ ಆಯಿತು. ಚಿಕಿತ್ಸೆಗೆ ಐದಕ್ಕೆ ಐದು ಕೊಡುತ್ತೇನೆ, ಬಿಲ್ಲಿಂಗ್ ಕೌಂಟರಿಗೆ ಎರಡು. ಅಣ್ಣನ ಕಾಯಿಲೆಯ ವಿವರ ಇದರಲ್ಲಿ ಇರುವುದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಅಣ್ಣ ಅಡಿಕೆ ಕೃಷಿಕ. ಕಣ್ಣು ಹಳದಿಯಾಗಿತ್ತು, ಮೈಯೆಲ್ಲ ತುರಿಕೆ. ನೋವು ಮಾತ್ರ ಇರಲಿಲ್ಲ. ಮನೆಯಲ್ಲಿ ಎಲ್ಲರೂ ಕಿರುನೆಲ್ಲಿ ಅರೆದು ಕೊಡುವ ಮಾತಾಡುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು, ಮೂತ್ರ ಕಾಫಿ ಬಣ್ಣ, ಮಲ ಸುಣ್ಣದ ಬಣ್ಣ ಎಂದು ಅತ್ತಿಗೆ ಹೇಳಿದಾಗ ಪಿತ್ತ ಕರುಳಿಗೆ ಇಳಿಯುತ್ತಿಲ್ಲ ಎಂದು ಅರ್ಥವಾಯಿತು. ನೋವಿಲ್ಲದೆ ಬರುವ ಇಂಥ ಕಾಮಾಲೆಗೆ ಮದ್ದು ಅರೆಯುತ್ತ ಕೂರಬಾರದು. ಸ್ಕ್ಯಾನ್ ಮಾಡಿಸಿದಾಗ ಪಿತ್ತನಾಳ ಕರುಳಿಗೆ ಸೇರುವ ಜಾಗದಲ್ಲಿ ಗಡ್ಡೆ ಕಂಡಿತು.

ಮೊದಲು ಹೋದ ಕಡೆ, ನಾಳೆಯೇ ಎಂಡೋಸ್ಕೋಪಿಯಲ್ಲಿ ಸ್ಟೆಂಟ್ (ಪಿತ್ತ ಇಳಿಯಲು ನಾಳದೊಳಗೆ ಇಡುವ ಸಣ್ಣ ಕೊಳವೆ) ಹಾಕಿ ಕಾಮಾಲೆ ಇಳಿಸೋಣ, ಆಪರೇಷನ್ ಆಮೇಲೆ ನೋಡೋಣ ಎಂದರು. ಯಾಕೆ ಎಂದು ಕೇಳಿದರೆ ಸರಿಯಾದ ಉತ್ತರ ಬರಲಿಲ್ಲ. ಅದಕ್ಕೇ ಎರಡನೆಯ ಅಭಿಪ್ರಾಯಕ್ಕೆ ಈ ವಿಭಾಗಕ್ಕೆ ಬಂದೆವು.

ಇಲ್ಲಿನ ಹಿರಿಯ ಸರ್ಜನ್ನರು ತಮ್ಮ ವೃತ್ತಿಯಿಡೀ ಈ ಮೂರು ಅಂಗಗಳ ಕಾಯಿಲೆಗಳ ಮೇಲೆಯೇ ಸಂಶೋಧನೆ ಮಾಡಿದವರು. ಸಂಶೋಧನೆ ಎಂದರೆ ಕಾನ್ಫರೆನ್ಸ್, ಪ್ರಮಾಣಪತ್ರ, ಗೋಡೆಯ ಫೋಟೋ ಎಂದೇ ನಾನು ತಿಳಿದಿದ್ದೆ. ಅದು ರೋಗಿಯ ಹಾಸಿಗೆಯ ಪಕ್ಕದಲ್ಲಿ ಹೇಗೆ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಅಲ್ಲಿ ನೋಡಿದೆ.

ಅವರು ಸಿ.ಟಿ. ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿ ತಾವೇ ನೋಡಿದರು. ರಿಪೋರ್ಟನ್ನು ಓದಿದ್ದು ಆಮೇಲೆ. "ಬಿಲಿರುಬಿನ್ (ಕಾಮಾಲೆಯ ಮಟ್ಟ ತೋರಿಸುವ ಅಂಕಿ) 11 ಇದೆ, ಜ್ವರ ಇಲ್ಲ, ನಾಳದಲ್ಲಿ ಸೋಂಕಿಲ್ಲ. ಸ್ಟೆಂಟ್ ಬೇಡ, ನೇರ ಆಪರೇಷನ್ ಮಾಡೋಣ ಟೀಚರ್" ಎಂದರು. ಕಾರಣವನ್ನೂ ಹೇಳಿದರು. ನೆದರ್ಲೆಂಡ್ಸ್‌ನಲ್ಲಿ 202 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತಂತೆ. ಮೊದಲು ಸ್ಟೆಂಟ್ ಹಾಕಿ ಕೆಲವು ವಾರ ಕಾದವರಲ್ಲಿ ಶೇಕಡಾ 74 ಮಂದಿಗೆ ಗಂಭೀರ ತೊಡಕು ಬಂತು. ನೇರ ಆಪರೇಷನ್ ಆದವರಲ್ಲಿ ಶೇಕಡಾ 39. ಸೋಂಕಿದ್ದರೆ, ಬಿಲಿರುಬಿನ್ ವಿಪರೀತ ಏರಿದ್ದರೆ, ಅಥವಾ ಕೀಮೋ ಮೊದಲು ಕೊಡಬೇಕಾದರೆ ಸ್ಟೆಂಟ್ ಬೇಕಾಗುತ್ತದೆ ಎಂದೂ ಬಿಡಿಸಿ ಹೇಳಿದರು. ಮೊದಲು ಹೋದ ಕಡೆ ನಮಗೆ ಸಿಗದೇ ಇದ್ದದ್ದು ಈ ವಿವರಣೆ.

ಆಮೇಲೆ ಲ್ಯಾಬ್ ಕವರಿನ ಹಿಂದೆ ಚಿತ್ರ ಬರೆದರು. ಪ್ಯಾಂಕ್ರಿಯಾಸ್‌ನ ತಲೆ, ಡುವೋಡಿನಂ (ಸಣ್ಣ ಕರುಳಿನ ಮೊದಲ ಭಾಗ), ಪಿತ್ತಕೋಶ, ಪಿತ್ತನಾಳದ ಕೆಳಭಾಗ ತೆಗೆಯಬೇಕು. ಉಳಿದ ಪ್ಯಾಂಕ್ರಿಯಾಸ್, ಪಿತ್ತನಾಳ, ಹೊಟ್ಟೆ, ಈ ಮೂರನ್ನೂ ಕರುಳಿಗೆ ಹೊಲಿಯಬೇಕು. ಅಮೆರಿಕದ ಅಲನ್ ವಿಪಲ್ 1935ರಲ್ಲಿ ಇದನ್ನು ಎರಡು ಹಂತದಲ್ಲಿ ಮಾಡಿ ವರದಿ ಮಾಡಿದ್ದರಿಂದ ಅವರ ಹೆಸರೇ ಉಳಿದಿದೆ. "ಮೂರು ಹೊಲಿಗೆಯಲ್ಲಿ ನನಗೆ ಹೆದರಿಕೆ ಇರುವುದು ಪ್ಯಾಂಕ್ರಿಯಾಸ್‌ದಕ್ಕೆ ಮಾತ್ರ. ಅದು ಬೆಣ್ಣೆಯಷ್ಟು ಮೆದು, ದಾರ ಹಿಡಿಯುವುದಿಲ್ಲ" ಎಂದರು. ಅಣ್ಣ ಆ ಕವರನ್ನು ಈಗಲೂ ಫೈಲಿನಲ್ಲಿ ಇಟ್ಟುಕೊಂಡಿದ್ದಾನೆ.

ವರ್ಷಕ್ಕೆ ಇಂಥದ್ದು ಎಷ್ಟು ಮಾಡುತ್ತೀರಿ ಸಾರ್ ಎಂದು ನಾನು ಕೇಳಿಯೇ ಬಿಟ್ಟೆ. ಸಿಟ್ಟಾಗಲಿಲ್ಲ. ಎಷ್ಟು ಮಾಡಿದ್ದೇವೆ, ಎಷ್ಟು ಜನರಿಗೆ ಲೀಕ್ ಆಯಿತು, ಎಷ್ಟು ಜನ ತೀರಿಕೊಂಡರು ಎಂಬುದನ್ನು ರಿಜಿಸ್ಟರ್ ನೋಡಿ ಹೇಳಿದರು. ಈ ಪ್ರಶ್ನೆಯನ್ನು ನೀವೂ ಕೇಳಿ, ಸಂಕೋಚ ಬೇಡ. 2002ರಲ್ಲಿ ಅಮೆರಿಕದ ಮೆಡಿಕೇರ್ (ಹಿರಿಯರಿಗಾಗಿ ಇರುವ ಸರಕಾರಿ ವಿಮೆ) ದಾಖಲೆಗಳನ್ನು ಲೆಕ್ಕ ಹಾಕಿದಾಗ, ಪ್ಯಾಂಕ್ರಿಯಾಸ್ ಆಪರೇಷನ್ ಅಪರೂಪಕ್ಕೆ ಮಾಡುವ ಆಸ್ಪತ್ರೆಗಳಲ್ಲಿ ಸಾವು ಶೇಕಡಾ 16.3, ಅತಿ ಹೆಚ್ಚು ಮಾಡುವ ಕಡೆ 3.8 ಎಂದು ಕಂಡಿತ್ತು. ಊರಿಗೆ ಹತ್ತಿರ, ಪರಿಚಯದವರು ಇದ್ದಾರೆ ಎಂಬ ಕಾರಣಕ್ಕೆ ಆಸ್ಪತ್ರೆ ಆರಿಸುವವರು ಈ ಎರಡು ಅಂಕಿಗಳನ್ನು ನೋಡಲೇಬೇಕು.

ಆಪರೇಷನ್ ಇಡೀ ಹಗಲು ನಡೆಯಿತು. ಆ ಹೊತ್ತಿನ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ.

ಬರೆಯಬೇಕಾದದ್ದು ಮೂರನೆಯ ದಿನದ ವಿಷಯ. ಅಣ್ಣನ ಹೊಟ್ಟೆಯ ಬದಿಯಲ್ಲಿ ಒಳಗಿನ ದ್ರವ ಹೊರಗೆ ಬರಲು ಎರಡು ಡ್ರೈನ್ ಟ್ಯೂಬ್ ಇದ್ದವು. ಬೆಳಿಗ್ಗೆ ಪಿ.ಜಿ. ಹುಡುಗಿಯೊಬ್ಬಳು ಬಂದು ಚೀಲದಲ್ಲಿ ಎಷ್ಟು ಎಂ.ಎಲ್. ಇದೆ, ಬಣ್ಣ ಏನು ಎಂದು ಬರೆದುಕೊಂಡು, ಸ್ವಲ್ಪ ದ್ರವವನ್ನು ಅಮೈಲೇಸ್ (ಪ್ಯಾಂಕ್ರಿಯಾಸ್ ರಸದ ಒಂದು ಎನ್‌ಜೈಮ್) ಪರೀಕ್ಷೆಗೆ ಕಳಿಸಿದಳು. ರಕ್ತದಲ್ಲಿ ಇರಬಹುದಾದ ಗರಿಷ್ಠ ಮಟ್ಟದ 3 ಪಟ್ಟಿಗಿಂತ ಜಾಸ್ತಿ ಬಂದರೆ ಪ್ಯಾಂಕ್ರಿಯಾಸ್ ಹೊಲಿಗೆ ಸೋರುತ್ತಿದೆ ಎಂದು ಲೆಕ್ಕ. ಜಾಸ್ತಿಯೇ ಬಂತು. ಅತ್ತಿಗೆ ಅಳತೊಡಗಿದರು. ಸರ್ಜನ್ನರು ರೌಂಡ್ಸಿಗೆ ಬಂದಾಗ ಅಣ್ಣನ ಹೊಟ್ಟೆ ಒತ್ತಿ ನೋಡಿ, ಚಾರ್ಟಿನಲ್ಲಿ ಜ್ವರ ನೋಡಿ, ಗಂಜಿ ಸೇರುತ್ತದಾ ಎಂದು ಕೇಳಿ, "ಇದು ಅಂಕಿಯಲ್ಲಿ ಮಾತ್ರ ಲೀಕ್, ಅಮ್ಮಾ. ಡ್ರೈನ್ ಇರಲಿ, ಗಂಜಿ ನಿಲ್ಲಿಸಬೇಡಿ" ಎಂದರು. ಸೋರಿಕೆ ಎಂದರೆ ಏನು ಎಂಬುದಕ್ಕೆ ಜಗತ್ತಿನ ಸರ್ಜನ್ನರು ಸೇರಿ 2005ರಲ್ಲಿ ಒಂದೇ ವ್ಯಾಖ್ಯೆ ಮಾಡಿಕೊಂಡರು. 2016ರಲ್ಲಿ ಅದನ್ನು ತಿದ್ದಿ, ರೋಗಿಗೆ ತೊಂದರೆ ಕೊಡದ ಇಂಥ ಸೋರಿಕೆಯನ್ನು ಫಿಸ್ಟುಲಾ (ತೊಡಕೆಂದು ಎಣಿಸುವ ಸೋರಿಕೆ) ಲೆಕ್ಕದಿಂದಲೇ ಹೊರಗಿಟ್ಟರು. ಅಂದು ಅತ್ತಿಗೆಗೆ ಸಿಕ್ಕಿದ ಧೈರ್ಯದ ಹಿಂದೆ ಈ ಕೆಲಸವೆಲ್ಲ ಇತ್ತು. ಸೋರಿಕೆ ತಾನಾಗಿಯೇ ನಿಂತಿತು.

ವಾರ್ಡಿನಲ್ಲಿ ನಮ್ಮ ಕಡೆಯ ರೋಗಿಗಳು ಅನೇಕರಿದ್ದರು. ಸಿಸ್ಟರುಗಳು ಮಲಯಾಳ, ತುಳು, ಕನ್ನಡ ಮೂರರಲ್ಲೂ ಮಾತಾಡುತ್ತಾರೆ. ಉಪ್ಪಳದ ಬ್ಯಾರಿ ಅಜ್ಜಿಯೊಬ್ಬರಿಗೆ ಇದು ದೊಡ್ಡ ಆಸರೆಯಾಗಿತ್ತು. ಪಕ್ಕದ ಬೆಡ್ಡಿನ ಹುಡುಗನಿಗೆ ಪ್ಯಾಂಕ್ರಿಯಾಸ್ ನಾಳದ ತುಂಬ ಕಲ್ಲು, ಜೊತೆಗೆ ಶುಗರ್, ಕುಡಿತದ ಅಭ್ಯಾಸವೇ ಇಲ್ಲ. ಕೇರಳದಲ್ಲಿ ಈ ಕಾಯಿಲೆಯನ್ನು 1960ರ ದಶಕದಿಂದಲೇ ಡಾ. ಪಿ.ಜೆ. ಗೀವರ್ಗೀಸ್ ನೂರಾರು ರೋಗಿಗಳಲ್ಲಿ ಗುರುತಿಸಿ ಬರೆದಿದ್ದರು. ಆಗ ಮರಗೆಣಸಿನ ಮೇಲೆ ಅನುಮಾನ ಇತ್ತು. ಅದು ಗಟ್ಟಿಯಾಗಿ ಸಾಬೀತಾಗಲಿಲ್ಲ, ಆಮೇಲೆ ಸ್ಪಿಂಕ್1 ಎಂಬ ಜೀನಿನ ಬದಲಾವಣೆ ಹಲವು ರೋಗಿಗಳಲ್ಲಿ ಸಿಕ್ಕಿತು. ನಮ್ಮ ಸರ್ಜನ್ನರ ಅತಿ ಇಷ್ಟದ ವಿಷಯವೂ ಇದೇ ಅಂತೆ. ಹುಡುಗನ ಅಮ್ಮನಿಗೆ, ನಿಮ್ಮ ಅಡುಗೆಯಿಂದ ಬಂದದ್ದಲ್ಲ ಎಂದು ಅವರು ಎರಡು ಸಲ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅಷ್ಟು ಕಲಿತವರು ಅಷ್ಟು ಮೆತ್ತಗೆ ಮಾತಾಡುವುದನ್ನು ನೋಡಿ ನನಗೆ ಗೌರವ ಹೆಚ್ಚಿತು.

ಇನ್ನು ಕೊರತೆಗಳು. ಒ.ಪಿ.ಡಿ.ಯಲ್ಲಿ ಕಾಯುವುದು ಬಹಳ. ಅಪಾಯಿಂಟ್‌ಮೆಂಟ್ ಇದ್ದರೂ ಮಧ್ಯಾಹ್ನ ಕಳೆಯುತ್ತದೆ, ಕುಡಿಯುವ ನೀರು ಕೆಳಗಿನ ಮಹಡಿಯಲ್ಲಿ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಮಾತ್ರ ಕೊಟ್ಟರು. ಇಂಥ ಆಪರೇಷನ್ನಿಗೆ ಸಹಿ ಹಾಕುವ ಕೃಷಿಕನಿಗೆ ಅದು ಕನ್ನಡದಲ್ಲಿ ಸಿಗಬೇಕು, ಇದನ್ನು ಬರೆದೂ ಕೊಟ್ಟಿದ್ದೇನೆ. ಬಿಲ್ಲಿಂಗಿನಲ್ಲಿ ಕೇರಳದ ಆರೋಗ್ಯ ವಿಮೆ ಕಾರ್ಡಿನ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳಿ ನಮ್ಮನ್ನು ಓಡಾಡಿಸಿದರು. ನಿಮ್ಮ ಕಾರ್ಡ್ ಆ ಆಸ್ಪತ್ರೆಯಲ್ಲಿ, ಆ ಆಪರೇಷನ್ನಿಗೆ ನಡೆಯುತ್ತದೆಯೇ ಎಂದು ದಾಖಲಾಗುವ ಮೊದಲೇ ಬರಹದಲ್ಲಿ ಕೇಳಿ.

ಆಪರೇಷನ್ನಾಗಿ 90 ದಿನ ಆದಾಗ ಅತ್ತಿಗೆಯ ಫೋನಿಗೆ ವಿಭಾಗದಿಂದ ಕರೆ ಬಂತು. ಜ್ವರ ಬಂದಿತ್ತಾ, ತೂಕ ಎಷ್ಟು, ಶುಗರ್ ಎಷ್ಟು, ಮಲದಲ್ಲಿ ಎಣ್ಣೆ ತೇಲುತ್ತದಾ ಎಂದು ಕೇಳಿ ರಿಜಿಸ್ಟರಿಗೆ ಬರೆದುಕೊಂಡರು. ತೇಲುತ್ತದೆ ಎಂದದ್ದಕ್ಕೆ ಎನ್‌ಜೈಮ್ ಕ್ಯಾಪ್ಸೂಲಿನ ಪ್ರಮಾಣ ಹೆಚ್ಚಿಸಿದರು. ಅದನ್ನು ಊಟ ಮುಗಿದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ, ಮೊದಲ ತುತ್ತಿನ ಜೊತೆಗೇ ತೆಗೆದುಕೊಳ್ಳಬೇಕು. ಈಗ ಅಣ್ಣನ ಕೀಮೋ ಮುಗಿದಿದೆ, ತೋಟಕ್ಕೆ ಇಳಿಯುತ್ತಾನೆ, ಔಷಧಿ ಸಿಂಪಡಿಸುವ ಕೆಲಸ ಮಾತ್ರ ಬೇರೆಯವರಿಗೆ ಬಿಟ್ಟಿದ್ದಾನೆ.

ಹೋಗುವವರು ಸಿ.ಟಿ.ಯ ಸಿ.ಡಿ.ಯನ್ನೇ ಒಯ್ಯಿರಿ, ಬರೀ ರಿಪೋರ್ಟ್ ಸಾಲದು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಚೀಟಿಯನ್ನೂ ಜೊತೆಗಿಟ್ಟುಕೊಳ್ಳಿ. ಕಾಸರಗೋಡಿನಿಂದ ಬೆಳಗಿನ ರೈಲು ಹಿಡಿದರೆ ಒ.ಪಿ.ಡಿ. ಚೀಟಿ ಬೇಗ ಸಿಗುತ್ತದೆ.